ಗಾಜಿನ ತೊಟ್ಟಿಯಲ್ಲಿ ಶಾರ್ಕಿನ ಮೊಟ್ಟೆ

ನಮ್ಮ ಅರೆಮಲೆನಾಡಿನ ಸಣ್ಣ ಪಟ್ಟಣಗಳ ಅಂಗಡಿಗಳಲ್ಲಿಯೂ ಈಗ ಗಾಜಿನ ತೊಟ್ಟಿಯ ಬಣ್ಣದ ಮೀನುಗಳು ದೊರೆಯುತ್ತವೆ. ಅವುಗಳ ನಡುವೆ ‘ಶಾರ್ಕ್’ ಎಂದು ಮಾರಾಟವಾಗುವ ಬೆಳ್ಳಿ ಮೈಯ ಮರಿಮೀನೊಂದಿರುತ್ತದೆ. ಅದು ಶಾರ್ಕ್ ಅಲ್ಲ. ಆಗ್ನೇಯ ಏಷ್ಯಾದ ನದಿಗಳಿಂದ ಬಂದ ಪಂಗಾಸಿಯಸ್ ಎಂಬ ಮೀಸೆಮೀನು. ಬೆಳೆದರೆ ಒಂದು ಮೀಟರನ್ನೂ ದಾಟುತ್ತದೆ. ಈ ಹೆಸರಿನ ಮೋಸದಿಂದಲೇ ಆರಂಭಿಸುತ್ತಿರುವುದಕ್ಕೆ ಕಾರಣವಿದೆ. ನಿಜವಾದ ಶಾರ್ಕನ್ನು ಮನೆಯಲ್ಲಿ ಸಾಕಿ ಮರಿ ಮಾಡಿಸಲು ಸಾಧ್ಯವೇ ಎಂಬ ಕುತೂಹಲ ವಿದ್ಯಾರ್ಥಿಗಳಲ್ಲಿ ಹುಟ್ಟುವುದು ಇಂತಹ ತೊಟ್ಟಿಗಳ ಮುಂದೆಯೇ.

ಸಾಧ್ಯವಿದೆ. ಕರಾವಳಿಯವರು ತಾಟೆ ಎಂದು ಕರೆಯುವ ಶಾರ್ಕುಗಳಲ್ಲಿ ಹೆಚ್ಚಿನವು ಮರಿ ಹಾಕುತ್ತವೆ. ಕೆಲವು ಮಾತ್ರ ಮೊಟ್ಟೆಯಿಡುತ್ತವೆ. ಭಾರತದ ಎರಡೂ ಕರಾವಳಿಗಳಲ್ಲಿ ವಾಸಿಸುವ ಬೂದು ಬಿದಿರು ಶಾರ್ಕ್ ಅಂತಹದೊಂದು. ಮುಕ್ಕಾಲು ಮೀಟರಿನಷ್ಟು ಮಾತ್ರ ಬೆಳೆಯುವ, ಹಗಲು ಬಂಡೆಯ ಸಂದಿಯಲ್ಲಿ ಮಲಗಿ ಇರುಳು ಸಿಗಡಿ, ಏಡಿಗಳನ್ನು ಹುಡುಕುವ ಸಾಧು ಪ್ರಾಣಿ ಅದು. ಅದರ ಬಳಗದ ಹಲವು ಜಾತಿಗಳು ಪರದೇಶಗಳ ಮತ್ಸ್ಯಾಗಾರಗಳಲ್ಲಿಯೂ ಹವ್ಯಾಸಿಗಳ ಮನೆಗಳಲ್ಲಿಯೂ ಮೊಟ್ಟೆಯಿಟ್ಟು ಮರಿ ಮಾಡಿವೆ.

ಆ ಮೊಟ್ಟೆಯ ಕಥೆ ನಿಜಕ್ಕೂ ಸೊಗಸಾದುದು. ನಮ್ಮ ಕೆರೆಯ ರೋಹು, ಕಟ್ಲಾ ಲಕ್ಷಗಟ್ಟಲೆ ಮೊಟ್ಟೆ ಚೆಲ್ಲಿ ಹೊರಟುಹೋಗುತ್ತವೆ. ಬಿದಿರು ಶಾರ್ಕ್ ಒಮ್ಮೆಗೆ ಎರಡೇ ಮೊಟ್ಟೆ ಇಡುತ್ತದೆ. ಪ್ರತಿಯೊಂದಕ್ಕೂ ಕಂದುಬಣ್ಣದ, ತೊಗಲಿನಂತೆ ಗಟ್ಟಿಯಾದ ಚೀಲದ ಹೊದಿಕೆ. ಕೆಲವು ವಾರಗಳ ಬಳಿಕ ಹಿಂದಿನಿಂದ ದೀಪ ಹಿಡಿದರೆ ಹಳದಿ ಭಂಡಾರಕ್ಕೆ ಅಂಟಿಕೊಂಡ ಭ್ರೂಣ ಬಾಲ ಅಲುಗಿಸುವುದು ಕಾಣುತ್ತದೆ. ಬಾಲದ ಆ ಅಲುಗಾಟವೇ ಚೀಲದೊಳಗೆ ಹೊಸ ನೀರನ್ನು ಸೆಳೆಯುತ್ತದೆ. 2013ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೇಟೆಗಾರ ಪ್ರಾಣಿಯನ್ನು ಹೋಲುವ ವಿದ್ಯುತ್ ಸ್ಪಂದನ ಸಮೀಪಿಸಿದಾಗ ಚೀಲದೊಳಗಿನ ಭ್ರೂಣ ಉಸಿರಾಟವನ್ನೇ ತಡೆದು ನಿಶ್ಚಲವಾಗುತ್ತದೆ. ಇನ್ನೂ ಹುಟ್ಟದ ಜೀವಿಗೆ ಇಷ್ಟು ವಿವೇಕ! ಜಾತಿಯನ್ನೂ ನೀರಿನ ಬಿಸುಪನ್ನೂ ಅನುಸರಿಸಿ ಮೂರರಿಂದ ಐದು ತಿಂಗಳಲ್ಲಿ ಮರಿ ಹೊರಬರುತ್ತದೆ. ಆತುರಪಟ್ಟು ಚೀಲ ಸೀಳಿದವರ ಕೈಗೆ ಸಿಗುವುದು ಬಹುಮಟ್ಟಿಗೆ ಸಾವು.

ಆದರೆ ಇದನ್ನು ಸಂತಾನಾಭಿವೃದ್ಧಿ ಎನ್ನುವ ಮೊದಲು ಒಂದು ಮಾತು ಕೇಳಬೇಕು: ತಾಯಿ ಎಲ್ಲಿಂದ ಬಂತು? ಅಮೆರಿಕದ ಸ್ಟೈನ್‌ಹಾರ್ಟ್ ಮತ್ಸ್ಯಾಗಾರದಲ್ಲಿ ಗಂಡಿನ ಸಂಗವಿಲ್ಲದೆ ಇದ್ದ ಬಿದಿರು ಶಾರ್ಕೊಂದು ಕನಿಷ್ಠ 45 ತಿಂಗಳು ವೀರ್ಯವನ್ನು ಒಡಲಿನಲ್ಲಿ ಕಾಪಿಟ್ಟು ಫಲಿತ ಮೊಟ್ಟೆ ಇಟ್ಟುದು 2015ರಲ್ಲಿ ವರದಿಯಾಯಿತು. ಕಡಲಿನಿಂದ ಹಿಡಿದು ತಂದ ಹೆಣ್ಣು ತೊಟ್ಟಿಯಲ್ಲಿ ವರ್ಷಗಳ ನಂತರ ಮೊಟ್ಟೆಯಿಟ್ಟರೂ ಅದು ಕಡಲಿನ ಫಲವೇ ಆಗಿರಬಹುದು. ಅದನ್ನು ‘ಮನೆಯಲ್ಲಿ ಬೆಳೆಸಿದ್ದು’ ಎಂದು ಮಾರುವುದು ಕಾಡಿನ ಜೇನನ್ನು ಪೆಟ್ಟಿಗೆಯ ಜೇನೆಂದು ಮಾರಿದಂತೆ. ಬೂದು ಬಿದಿರು ಶಾರ್ಕ್ ಜಾಗತಿಕ ಕೆಂಪುಪಟ್ಟಿಯಲ್ಲಿ ಅಪಾಯಕ್ಕೆ ಒಳಗಾಗಬಲ್ಲ ಜೀವಿಯೆಂದು ದಾಖಲಾಗಿದೆ. ಟ್ರಾಲ್ ಬಲೆಗಳೇ ಅದಕ್ಕೆ ಸಾಕಷ್ಟು ಹೊಡೆತ ಕೊಟ್ಟಿರುವಾಗ ತೊಟ್ಟಿಗಾಗಿಯೂ ಹಿಡಿಯುವುದು ನ್ಯಾಯವಲ್ಲ. ತೊಟ್ಟಿಯಲ್ಲಿಯೇ ಹುಟ್ಟಿದ ತಂದೆತಾಯಿಗಳ ಸಂತಾನವಾದರೆ ನಮ್ಮ ಆಕ್ಷೇಪ ಬಹಳ ತಗ್ಗುತ್ತದೆ.

ಬಹಳ ತಗ್ಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಆಡೂರಿನಂತಹ ಊರಿನಲ್ಲಿ ಕುಳಿತು ಲೆಕ್ಕ ಹಾಕಿ ನೋಡೋಣ. ಬೆಳೆದ ಬಿದಿರು ಶಾರ್ಕಿಗೆ ಸಾವಿರ ಲೀಟರಿನ ತೊಟ್ಟಿಯೂ ಉದಾರವಾದುದಲ್ಲ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ವಾರಕ್ಕೆ ಹತ್ತರಲ್ಲೊಂದು ಪಾಲು ನೀರು ಬದಲಿಸಿದರೂ ನೂರು ಲೀಟರಿನೊಂದಿಗೆ ಮೂರೂವರೆ ಕಿಲೋ ಉಪ್ಪು ಹೊರಬೀಳುತ್ತದೆ. ವರ್ಷಕ್ಕೆ 180 ಕಿಲೋ. ಇದನ್ನು ಹಿತ್ತಲಿಗೆ ಚೆಲ್ಲಿದರೆ ಬಾಳೆ ಒಣಗುತ್ತದೆ, ಗದ್ದೆಗೆ ಬಿಟ್ಟರೆ ಮಣ್ಣು ಕೆಡುತ್ತದೆ. ಕಡಲ ತೀರದ ಮನೆಗೆ ಇರದ ಸಮಸ್ಯೆ ಇದು. ಇನ್ನು ವಿದ್ಯುತ್ತು: ಮಳೆಗಾಲದಲ್ಲಿ ಕಂಬ ಉರುಳಿ ಪಂಪು ನಿಂತರೆ ಶಾರ್ಕ್ ಉಸಿರುಗಟ್ಟುತ್ತದೆ. ಅಡಕೆ ತೋಟದವರಿಗೆ ಇನ್ನೊಂದು ಎಚ್ಚರಿಕೆಯ ಮಾತು. ಬೋರ್ಡೋ ದ್ರಾವಣ ಕಲಸಿದ ಡ್ರಮ್ಮಿನಲ್ಲಿ ಮೀನಿನ ನೀರು ತುಂಬುವಂತಿಲ್ಲ; ತಾಮ್ರದ ಅಂಶ ಶಾರ್ಕುಗಳಿಗೆ ವಿಷ.

ಸಾಕಲಾಗದೆ ಕೈಚೆಲ್ಲಿದವರು ಏನು ಮಾಡುತ್ತಾರೆ? ಬಿದಿರು ಶಾರ್ಕನ್ನು ಕೆರೆಗೆ ಬಿಟ್ಟರೆ ಸಿಹಿನೀರಿನಲ್ಲಿ ಅದು ಬದುಕಲಾರದು. ಅದು ಬಿಡುಗಡೆಯಲ್ಲ, ಕೊಲೆ. ಅಂಗಡಿಯ ಹುಸಿ ಶಾರ್ಕ್ ಮತ್ತು ತೊಟ್ಟಿಯ ಗಾಜು ನೆಕ್ಕುವ ಸಕ್ಕರ್ ಮೀನು ಇದಕ್ಕೆ ವಿರುದ್ಧ: ಅವು ಬದುಕುತ್ತವೆ. ಸಕ್ಕರ್ ಮೀನು ದಂಡೆಯಲ್ಲಿ ಬಿಲ ಕೊರೆದು ಸಂತಾನ ಬೆಳೆಸುತ್ತದೆ. ಭಾರತದ ಹಲವು ಜಲಾಶಯಗಳಲ್ಲಿ ಈಗಾಗಲೇ ನೆಲೆಯೂರಿದೆ. ಹಾನಗಲ್ಲ ಸೀಮೆಯ ಕೆರೆಗಳ ಕೋಡಿಯ ನೀರು ಧರ್ಮಾ, ವರದೆಯರ ಪಾಲಾಗಿ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಇಲ್ಲಿ ಬಿಟ್ಟ ಪರದೇಶಿ ಮೀನು ನಮ್ಮ ಊರಿನ ಸಮಸ್ಯೆಯಾಗಿಯೇ ಉಳಿಯುವುದಿಲ್ಲ.

ತೊಟ್ಟಿಯಲ್ಲಿ ಇಟ್ಟ ಮೊಟ್ಟೆಯಿಂದ ಕಡಲಿಗೆ ಉಪಕಾರವೇ ಇಲ್ಲವೆಂದಲ್ಲ. ಇಂಡೋನೇಷ್ಯಾದ ರಾಜಾ ಅಂಪಾತ್ ದ್ವೀಪಸ್ತೋಮದಲ್ಲಿ ಜೀಬ್ರಾ ಶಾರ್ಕ್ ಹೆಚ್ಚುಕಡಿಮೆ ಕಣ್ಮರೆಯಾಗಿತ್ತು. ಆಸ್ಟ್ರೇಲಿಯಾದ ಮತ್ಸ್ಯಾಗಾರಗಳಲ್ಲಿ ಇಟ್ಟ ಮೊಟ್ಟೆಗಳನ್ನು ವಿಮಾನದಲ್ಲಿ ಅಲ್ಲಿಗೆ ಒಯ್ದು, ಸ್ಥಳೀಯರೇ ನೋಡಿಕೊಳ್ಳುವ ಮರಿಮನೆಗಳಲ್ಲಿ ಬೆಳೆಸಿ, 2023ರ ಜನವರಿಯಲ್ಲಿ ಮೊದಲ ಮರಿಗಳನ್ನು ಕಡಲಿಗೆ ಬಿಡಲಾಯಿತು. ಅಲ್ಲಿ ತಂದೆತಾಯಿಗಳ ವಂಶವಾಹಿ ಪರೀಕ್ಷೆಯಾಗಿತ್ತು, ಬಿಡುವ ನೀರು ಮೊದಲೇ ಸಂರಕ್ಷಿತವಾಗಿತ್ತು. ಹವ್ಯಾಸಿಯ ಮನೆಯಲ್ಲಿ ಈ ಎರಡೂ ಇರುವುದಿಲ್ಲ. ಆದ್ದರಿಂದ ಮನೆಯ ತೊಟ್ಟಿಯನ್ನು ಸಂರಕ್ಷಣೆಯೆಂದು ಕರೆಯುವುದನ್ನು ನಾವು ಒಪ್ಪಲಾರೆವು. ಅದು ಕಲಿಕೆ ಎಂದರೆ ಒಪ್ಪುತ್ತೇವೆ.

ಕಲಿಯಬಯಸುವ ವಿದ್ಯಾರ್ಥಿಗಳು ಕಡಲ ತೀರಕ್ಕೆ ಪ್ರವಾಸ ಹೋದಾಗ ಬರಿದಾದ ಮೊಟ್ಟೆಚೀಲಗಳಿಗಾಗಿ ಮರಳಿನ ಮೇಲೆ ಕಣ್ಣಾಡಿಸಲಿ. ಬ್ರಿಟನ್ನಿನಲ್ಲಿ 2003ರಿಂದ ಸಾಮಾನ್ಯ ಜನರೇ ಹೀಗೆ ಚೀಲಗಳನ್ನು ಹುಡುಕಿ ದಾಖಲಿಸುತ್ತಿದ್ದಾರೆ. ನಮ್ಮ ಶಾಲೆಗಳಿಗೂ ಅದು ಕಷ್ಟದ ಕೆಲಸವಲ್ಲ. ಸಿಕ್ಕ ಸ್ಥಳ, ದಿನ, ಉದ್ದ, ತುದಿ ತೆರೆದಿದೆಯೇ ಎಂಬುದನ್ನು ಬರೆದಿಡಿ. ಬಂದರಿನಲ್ಲಿ ಬಲೆ ಬಿಡಿಸುವವರನ್ನು ಮಾತನಾಡಿಸಿ, ಇಂತಹ ಚೀಲ ಯಾವ ತಿಂಗಳಲ್ಲಿ, ಎಷ್ಟು ಆಳದಲ್ಲಿ ಸಿಗುತ್ತದೆಯೆಂದು ಕೇಳಿ. ತೂಕವಿದ್ದು ಬಾಯಿ ಮುಚ್ಚಿರುವ ಚೀಲ ಕೈಗೆ ಬಂದರೆ ಅದರೊಳಗೆ ಜೀವವಿರಬಹುದು; ಒಣಗುವ ಮುನ್ನ ಮರಳಿ ಆಳದ ನೀರಿಗೆ ಬಿಡುವಂತೆ ದೋಣಿಯವರನ್ನು ಕೇಳಿಕೊಳ್ಳಿ.