ಕುದುರೆಯ ಕಿವಿ ನೋಡಿ ಕ್ಲಿಕ್ಕಿಸಿ

ತುಮಕೂರು ಜಿಲ್ಲೆಗೆ ಕುದುರೆ ಹೊಸದಲ್ಲ. ಕುಣಿಗಲ್‌ನಲ್ಲಿ ಟಿಪ್ಪುವಿನ ಕಾಲದಲ್ಲೇ ಅದರ ಸಾಕಣೆ ನಡೆದಿತ್ತು. ಆದರೆ ತಿಪಟೂರು, ತುರುವೇಕೆರೆ ಸೀಮೆಯ ತೆಂಗಿನ ತೋಟದಲ್ಲಿ ಕುದುರೆಯೊಂದಿಗೆ ರೂಪದರ್ಶಿಯ ಚಿತ್ರ ತೆಗೆಯಹೊರಟ ವಿದ್ಯಾರ್ಥಿಗೆ ಮೊದಲ ತೊಡಕು ಗರಿಗಳ ನೆರಳು. ನಡುಹಗಲಲ್ಲಿ ಅದು ಕಂದು ಕುದುರೆಯನ್ನೂ ಚಿರತೆ ಮಾಡಿಬಿಡುತ್ತದೆ! ಎಳೆಬಿಸಿಲಲ್ಲಿ ತೋಟದಂಚು ಅಥವಾ ಕೆರೆ ಏರಿ ವಾಸಿ.

ಇನ್ನು, ಹೆತ್ತವರೂ ಗಮನಿಸಬೇಕಾದ ಮಾತು. ಕುದುರೆಯ ಕಣ್ಣುಗಳಿರುವುದು ತಲೆಯ ಪಕ್ಕಗಳಲ್ಲಿ. ನೇರ ಹಿಂದೆ ನಿಂತವರು ಅದಕ್ಕೆ ಕಾಣರು. ಹಾರುವ ಸೆರಗು, ಫ್ಲ್ಯಾಷ್ ಬೆಳಕು, ದೊಪ್ಪನೆ ಬೀಳುವ ಕಾಯಿ - ಯಾವುದಕ್ಕೆ ಬೇಕಾದರೂ ಬೆದರಿ ಒದ್ದೀತು. ರೂಪದರ್ಶಿ ಅದರ ಭುಜದ ಬಳಿ ನಿಲ್ಲಲಿ. ಹಗ್ಗ ಮಾತ್ರ ಕುದುರೆ ಸಾಕಿದವರ ಕೈಯಲ್ಲೇ ಇರಲಿ. ಕಿವಿ ಮುಂದಕ್ಕೆ ನಿಮಿರಿದಾಗ ಕ್ಲಿಕ್ಕಿಸಬಹುದು. ಹಿಂದಕ್ಕೆ ಅಂಟಿಕೊಂಡವೋ, ಚಿತ್ರ ಎಷ್ಟೇ ಬಾಕಿಯಿರಲಿ, ಕ್ಯಾಮೆರಾ ಚೀಲ ಸೇರಬೇಕು.