ದೂರಿನಲ್ಲಿ ಬಿಟ್ಟುಹೋದ ಅಂಕಿ

ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದವನು ನಾನು. ಒಬ್ಬ ಬರೆದ ವೋಚರನ್ನು ಇನ್ನೊಬ್ಬ ಪಾಸ್ ಮಾಡಬೇಕು, ಸೇಫ್ ತೆಗೆಯಲು ಎರಡು ಕೀ ಬೇಕು. ನೌಕರರೆಲ್ಲ ಕಳ್ಳರೆಂದಲ್ಲ ಸ್ವಾಮಿ, ಮನುಷ್ಯರೆಂದು.

ಕೊಚ್ಚಿಗೆ ವರ್ಗವಾಗಿ ಬಂದು ಇಲ್ಲೇ ಉಳಿದೆವು. 2014ರಲ್ಲಿ ನನ್ನ ಹೆಂಡತಿ ಇಲ್ಲಿನ ಒಂದು ಖಾಸಗಿ ಆಸ್ಪತ್ರೆ ಸೇರಿದ್ದಳು. ರಾತ್ರಿ ಎರಡು ಗಂಟೆಗೆ ಪಕ್ಕದ ಹಾಸಿಗೆಯವರ ಇಂಜೆಕ್ಷನ್ ಇವಳ ಕೈ ಹತ್ತಿರ ಬಂತು. ಚುಚ್ಚುವ ಮೊದಲು ನರ್ಸ್ ಹುಡುಗಿಯೇ ಹೆಸರು ನೋಡಿ, ಬೆಚ್ಚಿ ಕೈ ಹಿಂದೆ ತೆಗೆದಳು. 'ಆರೋಡುಂ ಪರಯಲ್ಲೇ ಸಾರ್' ಎಂದಳು. ಯಾರಿಗೂ ಹೇಳಬೇಡಿ ಎಂದು.

ನಾನು ಸುಮ್ಮನಿರಲಿಲ್ಲ. ಇನ್‌ಸ್ಪೆಕ್ಷನ್ ರಿಪೋರ್ಟಿನ ಧಾಟಿಯಲ್ಲಿ ಎರಡು ಪುಟ ದೂರು ಬರೆದೆ. ಮೂರನೆಯ ದಿನ ಹುಡುಗಿ ಕಾಣಲಿಲ್ಲ, ತೆಗೆದುಹಾಕಿದರಂತೆ. ಆ ರಾತ್ರಿ ಇಪ್ಪತ್ತೆರಡು ಹಾಸಿಗೆಗೆ ಅವಳೊಬ್ಬಳೇ ಇದ್ದಳೆಂದು ಆಮೇಲೆ ಗೊತ್ತಾಯಿತು. ಲೆಕ್ಕ ಹಿಡಿಯುವವನಾದ ನಾನು ಮುಖ್ಯ ಅಂಕಿಯನ್ನೇ ಬಿಟ್ಟಿದ್ದೆ.

ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗೆ ಒಬ್ಬ ನರ್ಸ್ ಇರಬೇಕೆಂದು ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳಿದೆ. ಹೇಳಿದ್ದು ಕಾಗದದಲ್ಲಿದೆ. 2011-12ರಲ್ಲಿ ಕೊಚ್ಚಿಯ ಖಾಸಗಿ ಆಸ್ಪತ್ರೆಗಳ ನರ್ಸುಗಳು ಸಂಬಳಕ್ಕಾಗಿ, ಡ್ಯೂಟಿಯ ಹೊರೆ ಇಳಿಸುವುದಕ್ಕಾಗಿ ಬೀದಿಗಿಳಿದರು. 2016ರಲ್ಲಿ ಸುಪ್ರೀಂ ಕೋರ್ಟ್ ಅವರ ಸಂಬಳದ ಬಗ್ಗೆ ಸಮಿತಿ ಮಾಡಲು ಹೇಳಿತು. ಕಡೆಗೆ 20,000 ರೂಪಾಯಿ ಕನಿಷ್ಠ ಮೂಲವೇತನದ ಆದೇಶ ತಿರುವನಂತಪುರದಿಂದ ಹೊರಟದ್ದು 2018ರ ಏಪ್ರಿಲ್‌ನಲ್ಲಿ. ಸಂಬಳಕ್ಕೇ ಇಷ್ಟು ವರ್ಷ! ಸಂಬಳ ಏರಿದರೂ ರಾತ್ರಿ ಪಾಳಿಗೆ ಇನ್ನೊಬ್ಬಳು ಬರದಿದ್ದರೆ ರೋಗಿಗೆ ಏನು ಬಂತು?

ಇದು ಕೇರಳದವರ ಗೋಳು, ನಮಗೇನು ಎನ್ನುತ್ತೀರಾ? ಬೆಂಗಳೂರು, ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಿ 'ಸಿಸ್ಟರ್' ಎಂದು ಕರೆದು ನೋಡಿ. ತಿರುಗಿ ನೋಡುವವರಲ್ಲಿ ಎಷ್ಟೋ ಜನ ಮಲಯಾಳಿಗಳು. ಬಹಳಷ್ಟು ಜನ ನಮ್ಮ ಕರ್ನಾಟಕದ ಕಾಲೇಜುಗಳಿಗೇ ದುಡ್ಡು ಕಟ್ಟಿ ಕಲಿತವರು.

ಹಾಗಾದರೆ ತಪ್ಪು ಮಾಡಿದವರನ್ನು ಬಿಡಬೇಕೇ? ಬೇಡ. ಬೇಜವಾಬ್ದಾರಿಗೆ ಶಿಕ್ಷೆ ಆಗಲಿ. ಆದರೆ ತಾನೇ ತಡೆದು ತಾನೇ ಒಪ್ಪಿಕೊಂಡವಳನ್ನು ಮನೆಗೆ ಕಳಿಸಿದರೆ, ಮಿಕ್ಕವರು ಕಲಿಯುವ ಪಾಠ ಒಂದೇ: ಬಾಯಿ ಬಿಡಬಾರದು. ಅಮೆರಿಕದ ಆಸ್ಪತ್ರೆಗಳಲ್ಲಿ ವರ್ಷಕ್ಕೆ ಕಡಿಮೆಯೆಂದರೂ 44,000 ಜನ ಇಂಥ ತಪ್ಪುಗಳಿಂದ ಸಾಯುತ್ತಾರೆಂದು 1999ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವರದಿ ಕೊಟ್ಟಿತು. ಕೆಟ್ಟ ಜನರಿಗಿಂತ ಕೆಟ್ಟ ವ್ಯವಸ್ಥೆಯೇ ಕಾರಣ ಎಂದಿತು. ತಪ್ಪಿಹೋದ ಅನಾಹುತವನ್ನೂ ನಿರ್ಭಯವಾಗಿ ಬರೆದಿಡುವ ಒಂದು ರಿಜಿಸ್ಟರ್ ಪ್ರತಿ ವಾರ್ಡಿನಲ್ಲೂ ಇರಲಿ. ಅದನ್ನು ಓದುವ ಆಡಳಿತವೂ ಇರಲಿ.

ಮುಂದಿನ ಸಲ ದೂರು ಬರೆಯುವ ಮುಂಚೆ ಒಂದು ಪ್ರಶ್ನೆ ಕೇಳಿ: ಇವತ್ತು ರಾತ್ರಿ ಎಷ್ಟು ಹಾಸಿಗೆಗೆ ಎಷ್ಟು ಜನ ಸಿಸ್ಟರ್? ನಾನು ಕೇಳಲಿಲ್ಲ. ನನ್ನ ಹೆಂಡತಿಯ ಜೀವ ಉಳಿಸಿದವಳ ಅನ್ನ ಕಿತ್ತುಕೊಂಡೆ.