ಆಕಾಶಕ್ಕೂ ಗ್ಯಾರಂಟಿ ಕಾರ್ಡು!

ಮೊನ್ನೆ ಬೆಂಗಳೂರಿನಿಂದ ಗೆಳೆಯನೊಬ್ಬ ಫೋನ್ ಮಾಡಿದ್ದ. ಅಪ್ಪ ಅಮ್ಮನ್ನ ಕರ್ಕೊಂಡು ನಾರ್ವೆಯ ಟ್ರೊಮ್ಸೊಗೆ ಹೋಗ್ತಾನಂತೆ, ನಾರ್ದರ್ನ್ ಲೈಟ್ಸ್ ನೋಡೋಕೆ. "ಪ್ರೈವೇಟ್ ಟೂರೇ ತಗೋತೀನಿ ಕಣೋ. ದುಡ್ಡು ಹೋದ್ರೆ ಹೋಗ್ಲಿ, ಗ್ಯಾರಂಟಿ ಕಾಣುತ್ತಂತೆ. ನೀನು ಹೋಗಿದ್ಯಲ್ಲ, ಹೇಗಿತ್ತು?" ಅಂದ. ನಾನು ಥಟ್ಟನೆ "ಸೂಪರ್ ಆಗಿತ್ತು" ಅಂದುಬಿಟ್ಟೆ.

ಫೋನಿಟ್ಟ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಯಾಕಂದ್ರೆ ಸೂಪರ್ ಆಗಿರಲಿಲ್ಲ. ಅದನ್ನ ಇವತ್ತಿನವರೆಗೂ ಯಾರ ಹತ್ರಾನೂ ಹೇಳಿಲ್ಲ. ಹೋಗಿ ಬಂದ ಎಲ್ಲರೂ ಹೀಗೆ "ಸೂಪರ್" ಅಂದಿದ್ದಕ್ಕೇ ನಾನೂ ಹೋಗಿದ್ದು, ಈಗ ನಾನು ಅಂದಿದ್ದಕ್ಕೆ ಅವನು ಹೋಗ್ತಾನೆ. ಈ ಸರಪಳಿ ಎಲ್ಲಾದ್ರೂ ಒಂದು ಕಡೆ ಕಡೀಬೇಕಲ್ಲ. ಅದಕ್ಕೇ ಬರೀತಿದ್ದೀನಿ.

ನಡೆದದ್ದು ಇಷ್ಟು. 2025ರ ಫೆಬ್ರವರಿ. ಅಮ್ಮ ಊರಿಂದ ಮೂರು ತಿಂಗಳಿಗೆ ಅಂತ ನನ್ನ ಹತ್ರ ನೆದರ್ಲೆಂಡ್ಸಿಗೆ ಬಂದಿದ್ದಳು. ಸಾಗರದ ಕಡೆಯ ಹಳ್ಳಿಯವಳು, ಅರವತ್ತೆಂಟು ವಯಸ್ಸು, ಎಡಗಣ್ಣಿನ ಪೊರೆ ಆಪರೇಷನ್ ಆಗಿ ಎರಡು ವರ್ಷ ಆಗಿತ್ತು. ಇಷ್ಟು ದೂರ ಬಂದಿದ್ದಾಳೆ, ಜೀವಮಾನಕ್ಕೊಂದು ನೆನಪಿರಲಿ ಅಂತ ಟ್ರೊಮ್ಸೊಗೆ ಎರಡು ರಾತ್ರಿಯ ಟಿಕೆಟ್ ತೆಗೆದೆ. ಬಸ್ಸಲ್ಲಿ ಗುಂಪಿನ ಜೊತೆ ಬೇಡ, ಅಮ್ಮನಿಗೆ ಕಷ್ಟ ಆಗುತ್ತೆ ಅಂತ ಗೈಡ್ ಸಮೇತ ಒಂದಿಡೀ ವ್ಯಾನು ಬುಕ್ ಮಾಡಿದೆ. ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿಗೆ ಸ್ವಲ್ಪ ಕಡಿಮೆ. ಒಂದು ರಾತ್ರಿಗೆ!

ಸಂಜೆ ಆರಕ್ಕೆ ವ್ಯಾನು ಬಂತು. ಟ್ರೊಮ್ಸೊ ಮೇಲೆಲ್ಲ ಮೋಡ. ಗೈಡು ಒಳ್ಳೇ ಹುಡುಗ, ಸುಳ್ಳು ಯಾಕೆ ಹೇಳಲಿ. ಎರಡು ಗಂಟೆ ಓಡಿಸಿ ಒಳನಾಡಿನ ಶಿಬೊಟ್ನ್ ಕಣಿವೆಗೆ ಕರ್ಕೊಂಡು ಹೋದ. ಅಲ್ಲಿ ಮೋಡ ಹರಿದಿತ್ತು, ನಕ್ಷತ್ರ ಕಾಣ್ತಿತ್ತು. ಮೈನಸ್ ಹದಿನಾಲ್ಕು. ಅಮ್ಮನಿಗೆ ದೊಡ್ಡ ದೊಡ್ಡ ಬೂಟು, ಗಗನಯಾತ್ರಿ ತರಹದ ಸೂಟು ಹಾಕಿಸಿ, ಬೆಂಕಿ ಹಾಕಿ, ಬಿಸಿ ಚಾಕಲೇಟ್ ಹಾಲು ಕೊಟ್ಟು ಕೂರಿಸಿದ. ಒಂಬತ್ತೂವರೆ ಹೊತ್ತಿಗೆ ಒಮ್ಮೆಲೇ ಎದ್ದು "ಅಗೋ ಬಂತು!" ಅಂತ ಬೆಟ್ಟದ ಮೇಲೆ ಕೈ ತೋರಿಸಿದ.

ನೋಡಿದೆ. ಬೂದು ಬಣ್ಣದ ಒಂದು ಪಟ್ಟಿ. ನಮ್ಮೂರಲ್ಲಿ ಬೆಳಗಿನ ಜಾವ ಬಚ್ಚಲೊಲೆ ಹೊಗೆ ಅಡಿಕೆ ತೋಟದ ಮೇಲೆ ನಿಂತಿರುತ್ತಲ್ಲ, ಅಷ್ಟೇ.

"ಅದು ಮೋಡ ಅಲ್ವನೋ?" ಅಂದಳು ಅಮ್ಮ.

ಅಷ್ಟರಲ್ಲಿ ಅವನು ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ, ಅಮ್ಮನ್ನ ನಿಲ್ಲಿಸಿ, ಅಲ್ಲಾಡಬೇಡಿ ಅಂತ ಹೇಳಿ, ಎಂಟು ಸೆಕೆಂಡು ಬಿಟ್ಟು ಫೋಟೋ ತೆಗೆದು ತೋರಿಸಿದ. ಪರದೆ ಮೇಲೆ ಅಮ್ಮನ ಹಿಂದೆ ಗಿಳಿ ಹಸಿರು ಬಣ್ಣದ ನದಿ ಹರೀತಿತ್ತು! ಅಮ್ಮ ಒಮ್ಮೆ ಪರದೆ ನೋಡಿದಳು, ಒಮ್ಮೆ ಆಕಾಶ ನೋಡಿದಳು. ಮತ್ತೆ ಪರದೆ. ಮತ್ತೆ ಆಕಾಶ. ಏನೂ ಮಾತಾಡಲಿಲ್ಲ.

ವಾಪಸ್ ಬರುವಾಗ ವ್ಯಾನಿನ ಕತ್ತಲಲ್ಲಿ ಮೆಲ್ಲಗೆ ಕೇಳಿದಳು, "ಅವನ ಕ್ಯಾಮೆರಕ್ಕೆ ಕಂಡಿದ್ದು ನಂಗೆ ಕಾಣಲೇ ಇಲ್ಲ ಮಾರಾಯ. ಆಪರೇಷನ್ ಆದ ಕಣ್ಣು ಮತ್ತೆ ಹಾಳಾಯ್ತೇನೋ. ನಿಂಗೆ ಕಾಣ್ತಾ?"

ನಾನು "ಹೂಂ ಅಮ್ಮ, ಕಾಣ್ತು. ನಿಂಗೆ ಚಳಿಗೆ ಕಣ್ಣಲ್ಲಿ ನೀರು ಬಂದಿರ್ಬೇಕು" ಅಂದೆ. ಲಕ್ಷದ ಹತ್ರ ಕೊಟ್ಟಿದ್ದೆನಲ್ಲ, ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಮಾರನೇ ರಾತ್ರಿ ಹಿಮ ಬಿತ್ತು, ಆಕಾಶವೇ ಕಾಣಲಿಲ್ಲ. ಏಪ್ರಿಲಿನಲ್ಲಿ ಅಮ್ಮ ಊರಿಗೆ ಹೋದವಳು ಮೊದಲು ಮಾಡಿದ ಕೆಲಸ ಅಂದ್ರೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ ಅರ್ಧ ದಿನ ಕಾದು ಕಣ್ಣು ತೋರಿಸಿಕೊಂಡಿದ್ದು. ಡಾಕ್ಟ್ರು "ಕಣ್ಣು ಚೆನ್ನಾಗೇ ಇದೆಯಲ್ಲಮ್ಮ, ಯಾಕೆ ಬಂದ್ರಿ?" ಅಂದ್ರಂತೆ. ಎರಡು ತಿಂಗಳು ಅವಳು ತನ್ನ ಕಣ್ಣು ಹೋಗ್ತಿದೆ ಅಂತ ಒಳಗೊಳಗೇ ಹೆದರಿಕೊಂಡಿದ್ದಳು. ಮನೆಯಲ್ಲಿ ನನ್ನ ಜೊತೆಗೇ ಕೂತು ಊಟ ಮಾಡ್ತಾ.

*

ಈಗ ವಾದಕ್ಕೆ ಬರೋಣ.

ನನ್ನ ಮೊದಲನೇ ತಕರಾರು ಆ "ಗ್ಯಾರಂಟಿ" ಅನ್ನೋ ಪದದ ಮೇಲೆ. ಧ್ರುವಪ್ರಭೆ ಆಗೋದು ಸೂರ್ಯನಿಂದ ಬರುವ ಕಣಗಳ ಗಾಳಿಯಿಂದ. ಆ ಗಾಳಿ ಎಷ್ಟು ಜೋರಾಗಿದೆ, ಅದರ ಕಾಂತಕ್ಷೇತ್ರ ಯಾವ ಕಡೆ ತಿರುಗಿದೆ ಅನ್ನೋದು ಖಚಿತವಾಗಿ ಗೊತ್ತಾಗೋದು ಅದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವನ್ನು ದಾಟುವಾಗ. ನಮ್ಮ ಆದಿತ್ಯ-ಎಲ್1 ಕೂಡ 2024ರ ಜನವರಿಯಿಂದ ಅಲ್ಲೇ ಕೂತಿದೆ. ಸೆಕೆಂಡಿಗೆ 400 ಕಿಲೋಮೀಟರ್ ವೇಗ ಅಂತ ಲೆಕ್ಕ ಹಾಕಿ, ಅಲ್ಲಿಂದ ಇಲ್ಲಿಗೆ ಒಂದು ಗಂಟೆಯ ದಾರಿ. ಅಂದ್ರೆ ಪ್ರಪಂಚದ ಅತಿ ಬುದ್ಧಿವಂತ ವಿಜ್ಞಾನಿಗೂ ಗಟ್ಟಿಯಾಗಿ ಗೊತ್ತಿರೋದು ಬರೀ ಒಂದು ಗಂಟೆ ಮುಂಚೆ. ಅದಕ್ಕಿಂತ ಮುಂಚಿನದೆಲ್ಲ ಅಂದಾಜು. ಆರು ತಿಂಗಳು ಮೊದಲೇ ಕ್ರೆಡಿಟ್ ಕಾರ್ಡ್ ನಂಬರ್ ಇಸ್ಕೊಂಡು ಗ್ಯಾರಂಟಿ ಕೊಡೋರು ಯಾವ ಉಪಗ್ರಹ ಇಟ್ಕೊಂಡಿದ್ದಾರೋ ನಾನರಿಯೆ :-)

ಇನ್ನು ಮೋಡ. ಅದು ನಾರ್ವೆ ಕರಾವಳಿ ಸ್ವಾಮೀ. ಬೆಚ್ಚಗಿನ ಸಮುದ್ರ ಪ್ರವಾಹದ ದಯೆಯಿಂದ ಟ್ರೊಮ್ಸೊದಲ್ಲಿ ಚಳಿ ಕಡಿಮೆ, ಆದ್ರೆ ಅದೇ ಸಮುದ್ರದಿಂದ ಮೋಡವೂ ಬರುತ್ತೆ. ಅದಕ್ಕೇ ಗೈಡುಗಳು ಬೆಟ್ಟಗಳ ಆಚೆ ಒಣಹವೆ ಇರುವ ಶಿಬೊಟ್ನ್ ಕಡೆ, ಅದೂ ಆಗದಿದ್ರೆ ಗಡಿ ದಾಟಿ ಫಿನ್ಲೆಂಡಿನ ಕಿಲ್ಪಿಸ್‌ಯಾರ್ವಿ ಕಡೆ ಓಡೋದು.

ನನ್ನ ಬುಕಿಂಗಿನ ಷರತ್ತುಗಳನ್ನ ಬಂದ ಮೇಲೆ ಕೂತು ಓದಿದೆ. "ಕ್ಯಾಮೆರಾದಲ್ಲಿ ದಾಖಲಾದರೆ ಕಂಡಂತೆಯೇ ಲೆಕ್ಕ" ಅಂತ ಸಣ್ಣಕ್ಷರದಲ್ಲಿತ್ತು. ಗ್ಯಾರಂಟಿ ಕೊಟ್ಟಿದ್ದು ನನ್ನಮ್ಮನ ಕಣ್ಣಿಗಲ್ಲ, ಅವರ ಕ್ಯಾಮೆರಾಕ್ಕೆ! ಕಾಣದಿದ್ರೆ ಇನ್ನೊಂದು ರಾತ್ರಿ ಅರ್ಧ ಬೆಲೆಗೆ ಕರ್ಕೊಂಡು ಹೋಗ್ತಾರಂತೆ. ಒಳ್ಳೇದೇ, ಆದ್ರೆ ನಾಡಿದ್ದು ಬೆಳಿಗ್ಗೆ ವಿಮಾನ ಇರೋನಿಗೆ ಅದರಿಂದ ಏನುಪಯೋಗ?

ಎರಡನೇ ತಕರಾರು, "ಪ್ರೈವೇಟ್" ಅನ್ನೋದು. ಪ್ರೈವೇಟ್ ಆಗೋದು ವ್ಯಾನು, ಆಕಾಶ ಅಲ್ಲ. ಆವತ್ತು ಆ ಕಣಿವೆಯಲ್ಲಿ ನಮ್ಮಿಂದ ಇನ್ನೂರು ಮೀಟರ್ ಆಚೆ ಎರಡು ದೊಡ್ಡ ಬಸ್ಸು ನಿಂತಿದ್ವು. ನಮ್ಮದರ ಸಣ್ಣ ಪಾಲು ದುಡ್ಡು ಕೊಟ್ಟ ಅವರೂ ಅದೇ ಬೂದು ಪಟ್ಟಿಯನ್ನೇ ನೋಡಿದ್ರು. ಮುದುಕರಿದ್ದಾರೆ, ಬೇಕಾದಾಗ ನಿಲ್ಲಿಸ್ಬೇಕು, ಸಾಕಾದಾಗ ವಾಪಸ್ ಬರ್ಬೇಕು ಅಂದ್ರೆ ಪ್ರೈವೇಟ್ ವ್ಯಾನು ಖಂಡಿತ ಅನುಕೂಲ. ಆ ಅನುಕೂಲಕ್ಕೆ ಅಂತ ದುಡ್ಡು ಕೊಡಿ. ಜಾಸ್ತಿ ಕೊಟ್ರೆ ಜಾಸ್ತಿ ಕಾಣುತ್ತೆ ಅಂತ ಕೊಡಬೇಡಿ. ಧ್ರುವಪ್ರಭೆ ವಿಷಯದಲ್ಲಿ ದುಡ್ಡಿಗಿಂತ ರಾತ್ರಿಗಳು ಮುಖ್ಯ. ನಾನು ಒಂದು ರಾತ್ರಿಗೆ ಸುರಿದ ದುಡ್ಡಲ್ಲಿ ಇನ್ನೂ ಮೂರು ನಾಲ್ಕು ರಾತ್ರಿ ಅಲ್ಲೇ ಉಳಿದು, ಒಂದೆರಡು ಸಲ ಬಸ್ಸಲ್ಲಿ ಹೋಗಿ, ಉಳಿದ ದಿನ ಊರೊಳಗೇ ಪ್ರೆಸ್ಟ್‌ವಾನೆಟ್ ಕೆರೆ ದಂಡೆಗೋ ಟೆಲಿಗ್ರಾಫ್‌ಬುಕ್ತಾ ಕಡಲ ದಂಡೆಗೋ ನಡ್ಕೊಂಡು ಹೋಗಿ ಕಾಯಬಹುದಿತ್ತು. ಅಲ್ಲಿನ ಜನ ಮಾಡೋದೂ ಅದನ್ನೇ.

ಕಾಯೋದು ಅಂದಾಗ ನೆನಪಾಯ್ತು. ಕ್ರಿಸ್ಟಿಯಾನ್ ಬರ್ಕ್‌ಲಂಡ್ ಅಂತ ನಾರ್ವೆಯ ವಿಜ್ಞಾನಿ ಈ ಬೆಳಕಿನ ಗುಟ್ಟು ಹುಡುಕ್ಕೊಂಡು 1899ರಲ್ಲಿ ಆಲ್ಟಾ ಹತ್ತಿರದ ಹಾಲ್ಡೆ ಬೆಟ್ಟದ ತುದಿಯಲ್ಲಿ ವೀಕ್ಷಣಾಲಯ ಕಟ್ಟಿಸಿ, ಹಿಮಗಾಳಿಯಲ್ಲಿ ಇಡೀ ಚಳಿಗಾಲ ಕಳೆದ. ನಮಗೆ ಸಂಜೆ ಆರರಿಂದ ರಾತ್ರಿ ಒಂದರೊಳಗೆ ಬೇಕು. ಬಿಸಿ ಚಾಕಲೇಟ್ ಸಮೇತ.

ಮೂರನೇದು "ಈಗಲ್ಲದಿದ್ದರೆ ಇನ್ನಿಲ್ಲ" ಅಂತ ಹೆದರಿಸೋದು. ಸೂರ್ಯನ ಚಟುವಟಿಕೆಗೆ ಹನ್ನೊಂದು ವರ್ಷದ ಚಕ್ರ ಇದೆ, ಈಗಿನ 25ನೇ ಚಕ್ರ ಗರಿಷ್ಠ ಹಂತ ಮುಟ್ಟಿದೆ ಅಂತ ನಾಸಾ 2024ರ ಅಕ್ಟೋಬರಿನಲ್ಲಿ ಹೇಳಿತು. ಅದನ್ನೇ ಹಿಡ್ಕೊಂಡು "ಈ ಸಲ ತಪ್ಪಿದ್ರೆ ಮುಂದಿನ ದಶಕ" ಅಂತ ಮಾರಾಟ. ಆದ್ರೆ ಟ್ರೊಮ್ಸೊ ಇರೋದು ಆರ್ಕ್ಟಿಕ್ ವೃತ್ತದಿಂದ ಸುಮಾರು 350 ಕಿಲೋಮೀಟರ್ ಉತ್ತರಕ್ಕೆ, ಧ್ರುವಪ್ರಭೆಯ ಉಂಗುರದ ಅಡಿಯಲ್ಲೇ. ಸೂರ್ಯ ಸುಮ್ಮನಿದ್ದ ವರ್ಷಗಳಲ್ಲೂ ಅಲ್ಲಿ ಅದು ಬರುತ್ತೆ. ಗರಿಷ್ಠ ಹಂತದ ದೊಡ್ಡ ಲಾಭ ಆಗೋದು ದೂರದ ದಕ್ಷಿಣದವರಿಗೆ. 2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ, ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರ ವೀಕ್ಷಣಾಲಯದ ಕ್ಯಾಮೆರಾಗಳಲ್ಲಿ ಕೆಂಪು ಬೆಳಕು ಸಿಕ್ಕಿತಲ್ಲ, ಹಾಗೆ.

*

ನಾಲ್ಕನೇದು, ಎಲ್ಲಕ್ಕಿಂತ ದೊಡ್ಡದು, ಫೋಟೋ.

ಹಸಿರು ಸುಳ್ಳು ಅಂತ ನಾನು ಹೇಳ್ತಿಲ್ಲ. ನೂರು ಕಿಲೋಮೀಟರಿಗಿಂತ ಮೇಲಿನ ಆಮ್ಲಜನಕ 557.7 ನ್ಯಾನೋಮೀಟರಿನ ಹಸಿರನ್ನೇ ಸೂಸುತ್ತೆ. ಆದ್ರೆ ಬೆಳಕು ಮಂದವಾಗಿದ್ದಾಗ ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಕೆಲಸ ಮಾಡಲ್ಲ. ಕೆಲಸ ಮಾಡೋವು ಬರೀ ಬೆಳಕು-ಕತ್ತಲೆ ಗುರುತಿಸುವಂಥವು. ಹುಣ್ಣಿಮೆ ರಾತ್ರಿಯಲ್ಲೂ ದಾಸವಾಳ ಕೆಂಪಗೆ ಕಾಣಲ್ವಲ್ಲ, ಹಾಗೇ. ಕ್ಯಾಮೆರಾಕ್ಕೆ ಆ ಕಷ್ಟ ಇಲ್ಲ, ಎಂಟು ಸೆಕೆಂಡು ಬಾಯಿ ತೆರೆದು ಕೂತು ಬೆಳಕನ್ನ ತುಂಬಿಸಿಕೊಳ್ಳುತ್ತೆ. ಪ್ರಭೆ ಜೋರಾಗಿ ಬಂದ ರಾತ್ರಿ ಬರಿಗಣ್ಣಿಗೂ ಹಸಿರು ಕಾಣುತ್ತೆ, ಕುಣಿಯೋದೂ ಕಾಣುತ್ತೆ, ನಿಜ. ಆದ್ರೆ ಎಲ್ಲ ರಾತ್ರಿಯೂ ಅಂಥ ರಾತ್ರಿ ಅಲ್ಲ.

ಜೊತೆಗೆ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ವಯಸ್ಸಾದವರಿಗೆ ಪಾಪೆ ಅಷ್ಟು ಹಿಗ್ಗಲ್ಲ, ಇನ್ನೂ ಕಷ್ಟ. ಅಂಥವರ ಮುಂದೆ ಬೆಂಕಿ ಹಾಕಿ, ಹಣೆಗೆ ಟಾರ್ಚ್ ಕಟ್ಕೊಂಡು ಓಡಾಡಿ, ಐದು ನಿಮಿಷಕ್ಕೊಮ್ಮೆ ಕ್ಯಾಮೆರಾ ಪರದೆ ಕಣ್ಣಿಗೆ ಹಿಡಿದ್ರೆ ಅವರಿಗೆ ಏನು ಕಾಣ್ಬೇಕು? ನೋಡೋಕೆ ಅಂತ ಕರ್ಕೊಂಡು ಹೋಗಿ ನೋಡೋ ಶಕ್ತಿಯನ್ನೇ ಕಿತ್ಕೊಳ್ಳೋ ವ್ಯವಸ್ಥೆ ಇದು. ಯಾಕಂದ್ರೆ ಅವರು ಮಾರ್ತಿರೋದು ನೋಟ ಅಲ್ಲ, ಫೋಟೋ. ಧ್ರುವಪ್ರಭೆಯ ಮೊದಲ ಫೋಟೋ ತೆಗೆದಿದ್ದು 1892ರಲ್ಲಿ, ಮಾರ್ಟಿನ್ ಬ್ರೆಂಡಲ್ ಅನ್ನೋ ಜರ್ಮನ್. ಅಲ್ಲಿಯವರೆಗೆ ಮನುಷ್ಯರು ಬರೀ ಕಣ್ಣಿಂದ ನೋಡಿ ಬೆರಗಾಗಿದ್ರು. ಉತ್ತರದ ಸಾಮಿ ಜನ ಅದರ ಕೆಳಗೆ ಶಿಳ್ಳೆ ಹಾಕಬಾರದು ಅಂತ ಮಕ್ಕಳಿಗೆ ಹೇಳ್ತಿದ್ರು, ಅಷ್ಟು ಭಯಭಕ್ತಿ. ನಮಗೀಗ ಪರದೆ ಮೇಲೆ ಕಾಣದಿದ್ರೆ ನಂಬಿಕೆಯೇ ಇಲ್ಲ. ಪರದೆಗೂ ಕಣ್ಣಿಗೂ ಜಗಳ ಬಂದ್ರೆ ಕಣ್ಣಿನದ್ದೇ ತಪ್ಪು ಅಂದುಕೊಳ್ತೀವಿ. ನಮ್ಮಮ್ಮ ಅಂದುಕೊಂಡ ಹಾಗೆ.

"ಹಾಗಾದ್ರೆ ಗೈಡೇ ಬೇಡವಾ?" ಅಂತ ಕೇಳ್ತೀರಿ. ಬೇಕು ಮಾರಾಯ್ರೆ! ಹಿಮಗಟ್ಟಿದ ರಸ್ತೆಯಲ್ಲಿ ರಾತ್ರಿ ಹೊತ್ತು ಬಾಡಿಗೆ ಕಾರು ಓಡಿಸೋ ಸಾಹಸ ನಮ್ಮಂಥವರು ಮಾಡಲೇಬಾರದು. ಮೋಡ ಎಲ್ಲಿ ಹರಿಯುತ್ತೆ, ಯಾವ ರಸ್ತೆ ಮುಚ್ಚಿದೆ, ಎಲ್ಲಿ ನಿಲ್ಲಿಸಬಹುದು ಅನ್ನೋದು ಅಲ್ಲಿಯವರಿಗೇ ಗೊತ್ತು. ಅದು ವಿದ್ಯೆ, ಅದಕ್ಕೆ ದುಡ್ಡು ಕೊಡೋದು ನ್ಯಾಯ. ನಾನು ಕೇಳೋದು ಇಷ್ಟೇ. ದುಡ್ಡು ತಗೊಳ್ಳೋ ಮೊದಲು ಹೇಳಿ: "ನಾನು ಮಾರೋದು ನನ್ನ ಡ್ರೈವಿಂಗನ್ನ. ಮೋಡ ಗೆಲ್ಲಬಹುದು. ಬಂದ್ರೂ ನಿಮ್ಮ ಕಣ್ಣಿಗೆ ಬೂದು ಕಾಣಬಹುದು, ಅದು ನಿಮ್ಮ ಕಣ್ಣಿನ ದೋಷ ಅಲ್ಲ." ಮೂರೇ ವಾಕ್ಯ. ಆವತ್ತು ಆ ಹುಡುಗ ಮೂರನೇದನ್ನ ಹೇಳಿದ್ರೆ ಅಮ್ಮ ಶಿವಮೊಗ್ಗದ ಬಸ್ಸು ಹತ್ತುತ್ತಿರಲಿಲ್ಲ.

ಆದ್ರೆ ಅವನನ್ನ ಬೈದು ನಾನು ತಪ್ಪಿಸಿಕೊಳ್ಳೋ ಹಾಗಿಲ್ಲ. ಅವನಿಗಿಂತ ಸಣ್ಣ ಮಾತು ನನ್ನ ಹತ್ರ ಇತ್ತು. "ನಂಗೂ ಅಷ್ಟೇ ಕಂಡಿದ್ದು ಅಮ್ಮ." ಹೇಳಲಿಲ್ಲ. ಬದಲಿಗೆ ಆ ಹಸಿರು ಫೋಟೋಗಳನ್ನ ಮನೆಯವರ ಗ್ರೂಪಿಗೆ ಹಾಕಿದೆ. ಅತ್ತೆ "ಅತ್ತಿಗೆ ಪುಣ್ಯವಂತೆ" ಅಂತ ಬರೆದ್ರು. ಅಮ್ಮ ಬರೆದದ್ದು ಒಂದೇ ಸಾಲು, "ಫೋಟೋದಲ್ಲಿ ಚೆನ್ನಾಗಿ ಬಂದಿದೆ."

ನಾವು ಬ್ಲಾಗು ಬರೆಯೋರು, ಪ್ರವಾಸ ಕಥನ ಬರೆಯೋರು ಇದರಲ್ಲಿ ಏಜೆಂಟರಿಗಿಂತ ಕಡಿಮೆ ತಪ್ಪಿತಸ್ಥರಲ್ಲ. ಫೋಟೋ ಹಾಕಿ, ಬೇಡ ಅನ್ನಲ್ಲ. ಕೆಳಗೆ ಒಂದು ಸಾಲು, "ಬರಿಗಣ್ಣಿಗೆ ಹೀಗೆ ಕಾಣಲಿಲ್ಲ, ಹೀಗೆ ಕಂಡಿತು" ಅಂತ ಬರೆಯೋಕೆ ಏನು ಕಷ್ಟ? ಖರ್ಚು ಮಾಡಿ ಬಂದಿದ್ದೀವಿ ಅನ್ನೋ ಮುಜುಗರ, ಅಷ್ಟೇ ತಾನೇ?

ಶಿವಮೊಗ್ಗದಿಂದ ಬಂದ ರಾತ್ರಿ ಅಮ್ಮನಿಗೆ ಫೋನಲ್ಲಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲೇ ಹೇಳಿದ್ರೆ ಆ ಹೊಗೆಯನ್ನೇ ಇನ್ನೂ ಸ್ವಲ್ಪ ನೋಡ್ತಿದ್ದೆನಲ್ಲೋ" ಅಂದಳು.

ಗೆಳೆಯನಿಗೆ ಇವತ್ತು ರಾತ್ರಿ ಫೋನ್ ಮಾಡ್ತೀನಿ. ನೀವು ಹೋಗಿ ಬಂದಿದ್ರೆ, ನಿಮ್ಮ ಕಣ್ಣಿಗೆ ನಿಜವಾಗಿ ಏನು ಕಂಡಿತು ಹೇಳಿ. ಫೋಟೋ ಬೇಡ.

ಕೊಸರು: ಕೈಲಿರೋ ಮೊಬೈಲಿನ ನೈಟ್ ಮೋಡಿಗೂ ಈ ಮಾತೆಲ್ಲ ಅನ್ವಯಿಸುತ್ತೆ. ಮೊದಲ ಅರ್ಧ ಗಂಟೆ ಅದನ್ನ ಜೇಬಲ್ಲೇ ಇಟ್ಕೊಳ್ಳಿ. ಬ್ಯಾಟರಿಯೂ ಚಳಿಗೆ ಸಾಯಲ್ಲ :-)